ಸಂಪಾದಕರ ಉತ್ತರ: ಹಾಡು ಬರುತ್ತದೆ, ಮಾತು ಬರುತ್ತಿಲ್ಲ

ಪ್ರೀತಿಯ ಸಹೋದರಿ,

ಸ್ಟ್ರೋಕ್ ಆದ ಮೇಲೆ ನಿಮ್ಮವರಿಗೆ 'ನೀರು ಕೊಡು' ಅನ್ನಲೂ ಆಗುತ್ತಿಲ್ಲ. ಆದರೆ ನೀವಿಬ್ಬರೂ ವೇದಿಕೆಯಲ್ಲಿ ಹಾಡುತ್ತಿದ್ದ ಹಾಡನ್ನು ನೀವು ಎತ್ತಿಕೊಂಡರೆ ಕೊನೆಯವರೆಗೂ ದನಿಗೂಡಿಸುತ್ತಾರೆ. 'ಹಾಡೋಕಾಗತ್ತೆ, ಮಾತಾಡೋಕಾಗಲ್ವಾ? ಮನಸ್ಸು ಮಾಡ್ತಿಲ್ಲ ಅಷ್ಟೇ' ಎಂದು ನೆಂಟರು ಅಂದರಂತೆ. ನಿಮಗೂ ಒಮ್ಮೊಮ್ಮೆ ಹಾಗೇ ಅನಿಸಿ ಸಿಟ್ಟು ಬರುತ್ತದೆ ಎಂದಿದ್ದೀರಿ.

ಅವರು ನಟಿಸುತ್ತಿಲ್ಲ. ದಯವಿಟ್ಟು ಇದನ್ನು ನಂಬಿ. ಹೆಚ್ಚಿನವರಲ್ಲಿ ಮಾತು ಮಿದುಳಿನ ಎಡಭಾಗವನ್ನು ನೆಚ್ಚಿಕೊಂಡಿರುತ್ತದೆ. ರಾಗಕ್ಕೆ ಬಲಭಾಗದ ನೆರವೂ ಜಾಸ್ತಿ ಸಿಗುತ್ತದೆ. ಬಾಯಿಪಾಠವಾದ ಹಾಡು ಒಂದು ಸಾಲು ಮುಂದಿನ ಸಾಲನ್ನು ಎಳೆದುಕೊಂಡು ತಾನಾಗಿ ಬರುತ್ತದೆ. ಹೊಸ ಮಾತಿಗೆ ಪ್ರತಿ ಪದವನ್ನೂ ಹುಡುಕಬೇಕು. ಅಫೇಸಿಯಾ, ಅಂದರೆ ಮಿದುಳಿಗೆ ಪೆಟ್ಟಾಗಿ ಮಾತು ಕೈಕೊಡುವ ತೊಂದರೆ, ಇರುವವರಿಗೆ ಕಷ್ಟವಾಗುವುದು ಆ ಹುಡುಕಾಟವೇ.

ಇದನ್ನೇ ಬಳಸಿಕೊಳ್ಳುವ ಚಿಕಿತ್ಸೆಯನ್ನು 1973ರಲ್ಲಿ ಬಾಸ್ಟನ್ನಿನ ತಜ್ಞರು ರೂಪಿಸಿದರು. ದಿನಬಳಕೆಯ ಸಣ್ಣ ಮಾತನ್ನು ಏರಿಳಿತದಲ್ಲಿ ನಿಧಾನವಾಗಿ ಹಾಡಿಸುತ್ತಾರೆ. ಜೊತೆಗೆ ಎಡಗೈಯಿಂದ ತಾಳ ತಟ್ಟಿಸುತ್ತಾರೆ. ಬರಬರುತ್ತಾ ರಾಗ ಕಡಿಮೆ ಮಾಡಿ ಮಾತಿಗೆ ತರುತ್ತಾರೆ. ಎಲ್ಲರಿಗೂ ಫಲ ಕೊಡುವುದಿಲ್ಲ. ಹೇಳಿದ್ದು ಅರ್ಥವಾಗಿ, ಮಾತು ಮಾತ್ರ ಹೊರಡದವರಿಗೆ ಹೆಚ್ಚು ಒಗ್ಗುತ್ತದೆ. ಸ್ಪೀಚ್ ಥೆರಪಿಸ್ಟ್ ಹತ್ತಿರ ಈ ವಿಷಯ ಎತ್ತಿ.

ಆದರೆ ಆ ಅಭ್ಯಾಸ ಬೇರೆ, ನಿಮ್ಮಿಬ್ಬರ ಹಾಡು ಬೇರೆ. ಹಾಡುವಾಗ 'ಈಗ ಈ ಪದ ಹೇಳಿ ನೋಡೋಣ' ಎಂದು ಪರೀಕ್ಷೆ ಮಾಡಬೇಡಿ. ದಿನವಿಡೀ ಅವರಿಗೆ ಪರೀಕ್ಷೆಯೇ. ನಿಮ್ಮ ಜೊತೆ ಹಾಡುವಾಗಲಾದರೂ ಅವರು ರೋಗಿಯಾಗಿರಬೇಕಿಲ್ಲ, ನೀವು ಟೀಚರ್ ಆಗಿರಬೇಕಿಲ್ಲ.

'ಗುಣವಾಗದಿದ್ದರೆ ಹಾಡಿದ್ದೆಲ್ಲ ವ್ಯರ್ಥವೇ?' ಎಂದು ಕೇಳಿದ್ದೀರಿ. ನನಗೆ ಪಿಯಾನೋ ವಾದಕಿ ಕ್ಲಾರಾ ಶೂಮನ್ ನೆನಪಾಗುತ್ತಾರೆ. 1840ರಲ್ಲಿ ಸಂಯೋಜಕ ರಾಬರ್ಟ್ ಶೂಮನ್ ಅವರನ್ನು ಮದುವೆಯಾದರು. ಬೆರಳು ಕೆಟ್ಟು ರಾಬರ್ಟ್ ಪಿಯಾನೋ ವಾದಕರಾಗುವ ಆಸೆ ಬಿಟ್ಟಿದ್ದರು. ಅವರು ಬರೆದದ್ದನ್ನು ಕ್ಲಾರಾ ನುಡಿಸಿದರು. 1854ರಲ್ಲಿ ರಾಬರ್ಟ್ ಮನೋರೋಗದ ಆಸ್ಪತ್ರೆ ಸೇರಿದರು, 1856ರಲ್ಲಿ ಅಲ್ಲೇ ತೀರಿಕೊಂಡರು. ಸಂಗೀತ ಅವರನ್ನು ಉಳಿಸಲಿಲ್ಲ. ಆದರೂ ಕ್ಲಾರಾ ಕಛೇರಿ ಕೊಟ್ಟೇ ಮಕ್ಕಳನ್ನು ಸಾಕಿದರು, 1891ರವರೆಗೂ ವೇದಿಕೆ ಹತ್ತಿದರು. ಗಂಡನ ಕೃತಿಗಳನ್ನು ಕೈಬಿಡಲಿಲ್ಲ. ಅವರಿಬ್ಬರ ಸಂಗೀತವನ್ನು ವ್ಯರ್ಥ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಸಿಟ್ಟು ಬಂದದ್ದಕ್ಕೆ ನಿಮ್ಮನ್ನೇ ಹಳಿದುಕೊಳ್ಳಬೇಡಿ. ಹಗಲೂ ರಾತ್ರಿ ಆರೈಕೆ ಮಾಡುವವರು ದಣಿಯುತ್ತಾರೆ. ವಾರಕ್ಕೊಮ್ಮೆಯಾದರೂ ಬೇರೆಯವರು ಅವರ ಜೊತೆ ಕೂರಲಿ. ಮನಸ್ಸು ಮಾಡ್ತಿಲ್ಲ ಎಂದ ನೆಂಟರನ್ನೇ ಕರೆಯಿರಿ.

ಇನ್ನು ಮತ್ತೆ ವೇದಿಕೆ ಹತ್ತಬೇಕಾ ಅನ್ನುವುದು. ಅದನ್ನು ಅವರನ್ನೇ ಕೇಳಿ. 'ಹೌದು', 'ಬೇಡ' ಎಂದು ದೊಡ್ಡದಾಗಿ ಬರೆದು ಮುಂದಿಡಿ, ಬೆರಳು ತೋರಿಸಲಿ. ಅವಸರ ಮಾಡಬೇಡಿ. ಮಾರನೇ ದಿನ ಇನ್ನೊಮ್ಮೆ ಕೇಳಿ.

— ಸಂಪಾದಕ