ಮೂರನೆಯ ದಿನ ಕೈ ಎತ್ತಿಸಿದ್ದರೆ

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಅರವತ್ತನಾಲ್ಕು ಮನೆಗಳ ಸೊಸೈಟಿ. ನಾನು ಕಮಿಟಿ ಸದಸ್ಯೆ. ಹೋದ ವಾರ ಮೂರನೇ ಮಹಡಿಯ ಮನೆಯೊಂದರಲ್ಲಿ ಚಿನ್ನದ ಬಳೆ ಕಾಣೆಯಾಯಿತು. ಆ ಮಧ್ಯಾಹ್ನ ವಾಚ್‌ಮನ್ ಮೆಟ್ಟಿಲು ಹತ್ತಿದ್ದು ಸಿಸಿಟಿವಿಯಲ್ಲಿದೆ. ಅವನು ವಿಜಯಪುರದ ಕಡೆಯ ಹುಡುಗ. ಕನ್ನಡ ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬಾರದು. ವಾಟ್ಸ್‌ಆಪ್ ಗುಂಪಿನಲ್ಲಿ ಮತ ಹಾಕಿಸಿದಾಗ ನಲವತ್ತೊಂದು ಮನೆಯವರು ಅವನೇ ಕಳ್ಳ ಎಂದರು. ಭಾನುವಾರದ ಸಭೆಯ ನಂತರ ಅವನ ಫೋಟೊವನ್ನು ಗೇಟಿಗೆ ಅಂಟಿಸುವವರಿದ್ದಾರೆ. ನಾನು ಬೇಡವೆಂದಾಗ ಕಾರ್ಯದರ್ಶಿಗಳು, ‘ಹಿಂದೆ ಕೋರ್ಟಿನಲ್ಲೇ ಜ್ಯೂರಿ ಇರಲಿಲ್ಲವೇ? ಜನಸಾಮಾನ್ಯರೇ ತೀರ್ಪು ಕೊಡುತ್ತಿರಲಿಲ್ಲವೇ?’ ಎಂದರು. ಇದು ಸರಿಯೇ? ನಾನಾವತಿ ಪ್ರಕರಣದಿಂದ ಜ್ಯೂರಿ ರದ್ದಾಯಿತು ಎನ್ನುವುದು ನಿಜವೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸರಿಯಲ್ಲ. ನಿಮ್ಮ ಕಾರ್ಯದರ್ಶಿಗಳು ಹೇಳಿದ ಆ ಜ್ಯೂರಿಯಲ್ಲಿ ನನ್ನ ಅಪ್ಪ ಕುಳಿತಿದ್ದರು. ಅಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಅವರ ಬಾಯಿಂದಲೇ ಕೇಳಿದ್ದೇನೆ.

ಅಪ್ಪ ಉಡುಪಿಯ ಕಡೆಯಿಂದ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿ, ಬಲ್ಲಾರ್ಡ್ ಪಿಯರ್‌ನ ಕಚೇರಿಯೊಂದರಲ್ಲಿ ಗುಮಾಸ್ತರಾದವರು. 1956ರಲ್ಲಿ ಸೆಷನ್ಸ್ ಕೋರ್ಟಿನಿಂದ ಕರೆ ಬಂತು. ಲಾಲ್‌ಬಾಗಿನಲ್ಲಿ ಗಿರಣಿ ಕಾರ್ಮಿಕನೊಬ್ಬ ಜೊತೆಗಾರನನ್ನು ಇರಿದ ಮೊಕದ್ದಮೆ. ವಿಚಾರಣೆ ನಡೆದ ಐದು ದಿನವೂ ಅಪ್ಪ ಪೇಪರ್ ತರುತ್ತಿದ್ದರು, ಆದರೆ ಮಡಿಕೆ ಬಿಚ್ಚುತ್ತಿರಲಿಲ್ಲ. ಚಾಳಿನ ಆ ಒಂದೂವರೆ ಕೋಣೆಯಲ್ಲಿ ಅದು ಹಾಗೆಯೇ ಅಕ್ಕಿ ಡಬ್ಬಿಯ ಕೆಳಗೆ ಸೇರುತ್ತಿತ್ತು. ‘ಅವನೇ ಇರಿದದ್ದಂತೆ, ಹೌದೇ?’ ಎಂದು ಅಮ್ಮ ಕೇಳಿದರೆ, ‘ಅವನ ಕಡೆಯವರು ಇನ್ನೂ ಮಾತಾಡಿಲ್ಲ’ ಎನ್ನುತ್ತಿದ್ದರು.

ಮುಂದೆ ನಾನು ವಕೀಲಿ ಸನದು ಪಡೆದ ದಿನ ಉಳಿದ ಕಥೆ ಹೇಳಿದರು. ಮೂರನೆಯ ದಿನ ಮುಗಿಯುವ ಹೊತ್ತಿಗೆ ಅವರಿಗೆ ಯಾವ ಸಂಶಯವೂ ಉಳಿದಿರಲಿಲ್ಲ. ಕಣ್ಣಾರೆ ಕಂಡೆನೆಂದು ಒಬ್ಬ ಸಾಕ್ಷಿ ಹೇಳಿದ್ದ. ನಾಲ್ಕನೆಯ ದಿನ ಗಿರಣಿಯ ಹಾಜರಿ ಪುಸ್ತಕ ಬಂತು. ಇರಿತವಾದ ಹೊತ್ತಿಗೆ ಆ ಸಾಕ್ಷಿ ಪಾಳಿಯಲ್ಲಿ ಮಗ್ಗದ ಮುಂದೆ ನಿಂತಿದ್ದ! ‘ಮೂರನೆಯ ದಿನ ಕೈ ಎತ್ತಿ ಎಂದಿದ್ದರೆ ಎತ್ತಿಬಿಡುತ್ತಿದ್ದೆ’ ಎಂದು ಹೇಳುವಾಗ ಅಪ್ಪನ ದನಿ ಇಳಿದುಹೋಗಿತ್ತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಆಮೇಲೆ ಅವರು ಹೇಳಿದಾಗಲೆಲ್ಲ ನನಗೆ ಆ ಹಾಜರಿ ಪುಸ್ತಕವೇ ಕಾಣುತ್ತಿತ್ತು.

ನಿಮ್ಮ ಗುಂಪಿನ ನಲವತ್ತೊಂದು ಮನೆಯವರು ಕೈ ಎತ್ತಿರುವುದು ಮೊದಲ ದಿನವೇ.

ಇನ್ನು ನಾನಾವತಿ. ನೌಕಾಪಡೆಯ ಕಮಾಂಡರ್ ಕವಾಸ್ ನಾನಾವತಿ 1959ರ ಏಪ್ರಿಲ್ 27ರಂದು ತನ್ನ ಹೆಂಡತಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಮುಂಬಯಿಯಲ್ಲಿ ಗುಂಡಿಟ್ಟು ಕೊಂದ. ಕೈಕೈ ಮಿಲಾಯಿಸಿದಾಗ ಆಕಸ್ಮಿಕವಾಗಿ ಗುಂಡು ಹಾರಿತು ಎಂಬುದು ಅವನ ವಾದ. ಆದರೆ ಸ್ನಾನ ಮುಗಿಸಿ ಬಂದಿದ್ದ ಅಹುಜಾನ ಸೊಂಟದ ಟವೆಲ್ ಸತ್ತ ಮೇಲೂ ಕಟ್ಟಿದ ಹಾಗೆಯೇ ಇತ್ತು. ಅದಕ್ಕೂ ಮೊದಲು, ತನ್ನ ಮನೆ ಬಿಟ್ಟ ಮೇಲೆ ನಾನಾವತಿ ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟು, ಹಡಗಿಗೆ ಹೋಗಿ, ಸುಳ್ಳು ಕಾರಣ ಹೇಳಿ ರಿವಾಲ್ವರ್ ಪಡೆದು ಅಹುಜಾನ ಮನೆಗೆ ಹೋಗಿದ್ದ. ನಡುವೆ ಸುಮಾರು ಮೂರು ಗಂಟೆ ಕಳೆದಿತ್ತು. ಇಷ್ಟಾದರೂ ಒಂಬತ್ತು ಜನರ ಜ್ಯೂರಿಯಲ್ಲಿ ಎಂಟು ಜನ ನಿರಪರಾಧಿ ಎಂದರು. ಹೇಗೆ? ‘ಬ್ಲಿಟ್ಜ್’ ವಾರಪತ್ರಿಕೆ ಅಷ್ಟರಲ್ಲಾಗಲೇ ಅವನನ್ನು ವೀರನನ್ನಾಗಿ ಮಾಡಿತ್ತು. ಇಪ್ಪತ್ತೈದು ಪೈಸೆಯ ಪ್ರತಿ ಎರಡು ರೂಪಾಯಿಗೆ ಮಾರಾಟವಾಯಿತು. ಸೆಷನ್ಸ್ ನ್ಯಾಯಾಧೀಶರು ಈ ತೀರ್ಮಾನವನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು. ಹೈಕೋರ್ಟು 1960ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಕೊನೆಗೆ ರಾಜ್ಯಪಾಲರ ಕ್ಷಮಾದಾನ ಸಿಕ್ಕಿತು. ಅದು ಬೇರೆ ಮಾತು.

ಆದರೆ ಜ್ಯೂರಿ ಹೋದದ್ದು ಈ ಒಂದು ಪ್ರಕರಣದಿಂದ ಅಲ್ಲ. ಎಂ. ಸಿ. ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗ ಜ್ಯೂರಿಯನ್ನು ಕೈಬಿಡಿ ಎಂದು 1958ರಲ್ಲೇ ವರದಿ ಕೊಟ್ಟಿತ್ತು, ಅಂದರೆ ಆ ಗುಂಡು ಹಾರುವ ಮೊದಲೇ. ನಾನಾವತಿಯ ನಂತರವೂ ದೇಶದ ಕೆಲವು ಕಡೆ ಜ್ಯೂರಿ ನಡೆದೇ ಇತ್ತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಾರ್ಸಿಗಳ ವಿಚ್ಛೇದನದ ವ್ಯಾಜ್ಯಗಳಲ್ಲಿ ಮಾತ್ರ ಆ ಸಮುದಾಯದ ಐವರು ಪ್ರತಿನಿಧಿಗಳು ನ್ಯಾಯಾಧೀಶರ ಜೊತೆ ಕೂರುವ ಪದ್ಧತಿ ಕಾನೂನಿನಲ್ಲಿ ಉಳಿದುಕೊಂಡಿದೆ.

ನಿಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು 1908ರ ತಿಲಕರ ವಿಚಾರಣೆ. ಮುಂಬಯಿ ಹೈಕೋರ್ಟಿಗೆ ಹೋದರೆ, ಆ ಕೋಣೆಯ ಹೊರಗೆ ತಿಲಕರ ಮಾತನ್ನು ಕೆತ್ತಿದ ಫಲಕವಿದೆ: ಜ್ಯೂರಿ ಏನೇ ಹೇಳಲಿ, ನಾನು ನಿರಪರಾಧಿ ಎಂಬ ಅರ್ಥದ ಮಾತು. ಕಿರಿಯ ವಕೀಲರನ್ನು ನಾನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದೆ. ರಾಜದ್ರೋಹ ಎನಿಸಿಕೊಂಡ ‘ಕೇಸರಿ’ಯ ಲೇಖನಗಳು ಇದ್ದದ್ದು ಮರಾಠಿಯಲ್ಲಿ. ಜ್ಯೂರಿಯಲ್ಲಿ ಏಳು ಜನ ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಅವರ ಮುಂದಿದ್ದದ್ದು ಇಂಗ್ಲಿಷ್ ಅನುವಾದ. ಅನುವಾದದಲ್ಲಿ ತನ್ನ ಮಾತು ತಿರುಚಿಹೋಗಿದೆ ಎಂದು ತಿಲಕರು ಪದಪದ ಹಿಡಿದು ದಿನಗಟ್ಟಲೆ ವಾದಿಸಿದರು. ಏಳು ಜನ ಅಪರಾಧಿ ಎಂದರು, ಇಬ್ಬರು ಅಲ್ಲವೆಂದರು. ಆರು ವರ್ಷ ಶಿಕ್ಷೆ, ಮಂಡಾಲೆಯ ಸೆರೆಮನೆ. ಒಬ್ಬ ಮನುಷ್ಯನ ಮಾತು ಅವನ ಭಾಷೆಯಲ್ಲಿ ಕಿವಿಗೆ ಬೀಳದೆ ಹೋದರೆ ಏನಾಗುತ್ತದೆ ಎಂದು ಆ ಕಲ್ಲಿನ ಮುಂದೆ ನಿಂತಾಗಲೆಲ್ಲ ನನಗೆ ಸಂಕಟವಾಗಿದೆ.

ಜ್ಯೂರಿ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ನ್ಯಾಯಾಧೀಶರು ತಮ್ಮ ತೀರ್ಪಿಗೆ ಕಾರಣ ಬರೆಯಲೇಬೇಕು. ಆ ಕಾರಣ ತಪ್ಪಾಗಿದ್ದರೆ ಮೇಲಿನ ಕೋರ್ಟಿನಲ್ಲಿ ತೋರಿಸಬಹುದು. ಜ್ಯೂರಿ ಹೌದು ಅಥವಾ ಅಲ್ಲ ಎಂದು ಹೇಳಿ ಎದ್ದುಹೋಗುತ್ತದೆ. ಆದರೆ ಆ ಜ್ಯೂರಿಗೂ ಪ್ರಮಾಣವಚನವಿತ್ತು, ಎರಡೂ ಕಡೆಯ ಮಾತು ಮುಗಿಯುವ ತನಕ ಬಾಯಿ ಬಿಡಬಾರದೆಂಬ ಕಟ್ಟಿತ್ತು. ನಿಮ್ಮ ಗುಂಪಿನಲ್ಲಿ ಅದೂ ಇಲ್ಲ.

ಈಗ ಮಾಡಬೇಕಾದದ್ದು. ಬಳೆ ಕಳೆದುಕೊಂಡವರು ಪೊಲೀಸರಿಗೆ ದೂರು ಕೊಡಲಿ. ಸಿಸಿಟಿವಿಯ ಆ ಇಡೀ ದಿನದ ಚಿತ್ರಣವನ್ನು ಅಳಿಸದೆ ಕಾಪಾಡಿ, ಬರೀ ಮೆಟ್ಟಿಲಿನ ತುಣುಕನ್ನಲ್ಲ. ಕಳ್ಳನೆಂದು ಫೋಟೊ ಅಂಟಿಸಿದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿಯ ಮೊಕದ್ದಮೆ ಎದುರಿಸಬೇಕಾದೀತು ಎಂದು ಕಾರ್ಯದರ್ಶಿಗಳಿಗೆ ಬರವಣಿಗೆಯಲ್ಲೇ ತಿಳಿಸಿ. ಅವನು ದುಡಿದ ದಿನಗಳ ಸಂಬಳ ಹಿಡಿಯಲು ಬಿಡಬೇಡಿ.

ಇನ್ನೊಂದು ಕೆಲಸವನ್ನು ನೀವಲ್ಲದೆ ಬೇರೆಯವರು ಮಾಡಲಾರರು. ಅವನು ಮೆಟ್ಟಿಲು ಹತ್ತಿದ್ದು ಏಕೆಂದು ಈವರೆಗೆ ಯಾರಾದರೂ ಕೇಳಿದ್ದಾರೆಯೇ? ನಿಮ್ಮ ಪತ್ರದಲ್ಲಿ ಅದೊಂದು ಸಾಲು ಇಲ್ಲ. ನೀರಿನ ಟ್ಯಾಂಕಿನ ವಾಲ್ವ್ ತಿರುಗಿಸಲು ಅವನು ದಿನವೂ ತಾರಸಿಗೆ ಹೋಗುವುದಿಲ್ಲವೇ? ಶನಿವಾರ ಸಂಜೆ ಅವನನ್ನು ಕೂರಿಸಿ, ಒಂದು ಲೋಟ ಚಹಾ ಕೊಟ್ಟು, ಕನ್ನಡದಲ್ಲೇ ಕೇಳಿ. ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಂಡು, ಭಾನುವಾರ ಅವನ ಎದುರಿನಲ್ಲೇ ಸಭೆಗೆ ಮರಾಠಿಯಲ್ಲಿ ಓದಿ ಹೇಳಿ, ತಂಗಿ. ಏನಾಯಿತೆಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.