ಮೇ ತಿಂಗಳ ಮದುವೆ, ಎರಡು ಲಕ್ಷದ ಬಜೆಟ್: ಹನಿಮೂನಿಗೆ ಯಾವ ದ್ವೀಪ?

ನೀವು ಕೇಳಿದ್ದು ಇಷ್ಟು: ಇಬ್ಬರೂ ಪುಣೆಯ ವಾಕಡ್‌ನಲ್ಲಿ ಕೆಲಸ, ಮೇ ಎರಡನೇ ವಾರ ಧಾರವಾಡದಲ್ಲಿ ಮದುವೆ, ಆಮೇಲೆ ಆರು ರಾತ್ರಿಯ ರಜೆ, ಎಲ್ಲ ಸೇರಿ ಎರಡು ಲಕ್ಷ. ಮನಸ್ಸು ಮಾಲ್ಡೀವ್ಸ್‌ನ ನೀರಿನ ಮೇಲಿನ ವಿಲ್ಲಾದಲ್ಲಿದೆ, ಮನೆಯಲ್ಲಿ ಅಂಡಮಾನ್ ಸಾಕು ಅಂತಾರೆ, ಆಫೀಸಿನವರು ಬಾಲಿ ಅಂತಾರೆ. ಹುಡುಗಿ ಪಕ್ಕಾ ಸಸ್ಯಾಹಾರಿ.

ನನ್ನ ಉತ್ತರ ಬಾಲಿ. ಅದೇ ಮದುವೆ ಫೆಬ್ರವರಿಯಲ್ಲಿ ಇದ್ದಿದ್ದರೆ ಬೇರೆ ಹೇಳುತ್ತಿದ್ದೆ.

ಬಹಳ ಜನ ಹೋಟೆಲ್ ದರದಿಂದ ಲೆಕ್ಕ ಶುರು ಮಾಡ್ತಾರೆ. ಮೊದಲು ನೋಡಬೇಕಾದ್ದು ಮುಹೂರ್ತ ಯಾವ ತಿಂಗಳು ಅನ್ನೋದು. ಆಮೇಲೆ ಏರ್‌ಪೋರ್ಟಿನಿಂದ ಕೋಣೆ ತಲುಪೋ ಖರ್ಚು. ಕೋಣೆಯ ದರ ಕೊನೆಗೆ. ನಮ್ಮಲ್ಲಿ ತುಳಸಿ ಪೂಜೆ ಮುಗಿದ ಮೇಲೆ ಧನುರ್ಮಾಸ ಬರೋವರೆಗೆ ಒಂದಷ್ಟು ಮುಹೂರ್ತ, ಮಾಘ-ಫಾಲ್ಗುಣದಲ್ಲಿ ಒಂದಷ್ಟು, ಮತ್ತೆ ವೈಶಾಖದಲ್ಲಿ. ಮೊದಲ ಎರಡರಲ್ಲಿ ಮದುವೆಯಾದವರಿಗೆ ಮಾಲ್ಡೀವ್ಸ್, ಅಂಡಮಾನ್, ಫುಕೆಟ್, ಶ್ರೀಲಂಕಾದ ನೈಋತ್ಯ ಕರಾವಳಿ ಎಲ್ಲಾ ಚೆನ್ನಾಗಿರುತ್ತೆ: ಸಮುದ್ರ ಶಾಂತ, ಆಕಾಶ ಸ್ವಚ್ಛ, ದರ ಮಾತ್ರ ಏರಿರುತ್ತೆ. ವೈಶಾಖದವರಿಗೆ ಇವೇ ಜಾಗಗಳಲ್ಲಿ ಮುಂಗಾರು ಎದುರಾಗುತ್ತೆ. ಕೇರಳಕ್ಕೆ ಮಳೆ ಬರೋದು ಜೂನ್ 1ರ ಹೊತ್ತಿಗೆ. ಅಂಡಮಾನ್ ಸಮುದ್ರಕ್ಕೆ ಅದು ಮೇ 20ರ ಆಸುಪಾಸಿನಲ್ಲೇ ಬಂದುಬಿಟ್ಟಿರುತ್ತೆ. ಬಾಲಿ, ಮಾರಿಷಸ್ ಭೂಮಧ್ಯರೇಖೆಯ ದಕ್ಷಿಣಕ್ಕಿವೆ, ನಮ್ಮ ಮುಂಗಾರು ಅಲ್ಲಿಗೆ ಹೋಗಲ್ಲ. ಮೇ ಅಂದರೆ ಬಾಲಿಯಲ್ಲಿ ಒಣ ಹವೆ ಆಗಷ್ಟೇ ಕೂತಿರುತ್ತೆ, ಜುಲೈ-ಆಗಸ್ಟಿನ ಆಸ್ಟ್ರೇಲಿಯಾ-ಯುರೋಪ್ ಗದ್ದಲ ಇನ್ನೂ ಶುರುವಾಗಿರಲ್ಲ.

ಅಂಡಮಾನ್ ವಿಷಯಕ್ಕೆ ಬಂದರೆ, ಹಿರಿಯರ ಮಾತು ತಪ್ಪಲ್ಲ, ತಿಂಗಳು ತಪ್ಪು. ಪಾಸ್‌ಪೋರ್ಟ್ ಬೇಡ, ಒಂದೂಕಾಲು ಲಕ್ಷದಲ್ಲಿ ಚೆನ್ನಾಗಿ ಆಗಿಬಿಡುತ್ತೆ. ಆದರೆ ಅಲ್ಲಿ ಎಲ್ಲಾ ನಿಂತಿರೋದು ಫೆರಿ ಮೇಲೆ. ಪೋರ್ಟ್‌ಬ್ಲೇರ್‌ನಿಂದ (ಈಗ ಶ್ರೀ ವಿಜಯಪುರಂ) ಹ್ಯಾವ್‌ಲಾಕ್‌ಗೆ, ಅಂದರೆ ಸ್ವರಾಜ್ ದ್ವೀಪಕ್ಕೆ, ಖಾಸಗಿ ಫೆರಿಯಲ್ಲಿ ಒಂದೂವರೆಯಿಂದ ಎರಡೂವರೆ ತಾಸು. ಗಾಳಿ ಎದ್ದ ದಿನ ಫೆರಿ ರದ್ದು. ಟಿಕೆಟ್ ದುಡ್ಡು ವಾಪಸ್ ಬಂದರೂ ಹ್ಯಾವ್‌ಲಾಕ್‌ನಲ್ಲಿ ಕಟ್ಟಿದ ರೂಮಿನ ದುಡ್ಡು ಬರಲ್ಲ. ಇನ್ನೊಂದು ಸಂಗತಿ, ಅಲ್ಲೂ ಗಡಿಯಾರ ನಮ್ಮದೇ, ಊರು ಮಾತ್ರ ತೀರಾ ಪೂರ್ವಕ್ಕಿದೆ. ಮೇ ತಿಂಗಳಲ್ಲೂ ಸಂಜೆ ಐದೂವರೆ ಸುಮಾರಿಗೆ ಸೂರ್ಯ ಮುಳುಗುತ್ತೆ. ರಾಧಾನಗರ ಬೀಚಿಗೆ ಐದು ಗಂಟೆಗೆ ಹೊರಟರೆ ಕತ್ತಲು ನೋಡಿ ಬರಬೇಕಾಗುತ್ತೆ. ಮದುವೆ ಏಪ್ರಿಲ್‌ಗೆ ಹಿಂದೆ ಸರಿದರೆ ಮಾತ್ರ ಅಂಡಮಾನ್ ಯೋಚಿಸಿ.

ಇನ್ನು ಮಾಲ್ಡೀವ್ಸ್. ಇದನ್ನು ರೂಪಾಯಿ ರೂಪಾಯಿ ಕೂಡಿಸಿಯೇ ನೋಡೋಣ, ಜಾಹೀರಾತು ಕೂಡಿಸಲ್ಲ. ವೀಸಾ ಉಚಿತ, ಅಲ್ಲಿ ಇಳಿದಾಗ ಕೊಡ್ತಾರೆ. ಹೊರಡೋ ಮುಂಚಿನ 96 ತಾಸಿನೊಳಗೆ ಇಮುಗಾ ಅನ್ನೋ ಆನ್‌ಲೈನ್ ಫಾರ್ಮ್ ತುಂಬಬೇಕು, ಅದಕ್ಕೂ ಫೀ ಇಲ್ಲ. ಫೀ ಕೇಳೋ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ ಅಂತ ತಿಳ್ಕೊಳ್ಳಿ.

ನೀರಿನ ಮೇಲಿನ ವಿಲ್ಲಾ, ಮಳೆಗಾಲದ ಇಳಿದ ದರದಲ್ಲಿ ರಾತ್ರಿಗೆ 350 ಡಾಲರ್ ಅಂತಿಟ್ಟುಕೊಳ್ಳಿ. ಅದರ ಮೇಲೆ 10 ಪ್ರತಿಶತ ಸರ್ವಿಸ್ ಚಾರ್ಜ್, 385 ಆಯ್ತು. ಆ ಮೊತ್ತದ ಮೇಲೆ ಪ್ರವಾಸಿ ಜಿಎಸ್‌ಟಿ, 2025ರ ಜುಲೈಯಿಂದ 17 ಪ್ರತಿಶತ, 450 ಆಯ್ತು. ಗ್ರೀನ್ ಟ್ಯಾಕ್ಸ್ ತಲೆಗೆ ರಾತ್ರಿಗೆ 12, ಇಬ್ಬರಿಗೆ 24. ಒಟ್ಟು 474 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೂ ರಾತ್ರಿಗೆ 42,000 ದಾಟುತ್ತೆ. ಆರು ರಾತ್ರಿ ಅನ್ನೋ ಮಾತು ಇಲ್ಲಿಗೇ ಮುಗೀತು. ಎರಡು ರಾತ್ರಿ ವಿಲ್ಲಾ, ಮೂರು ರಾತ್ರಿ ಮಾಫುಶಿಯಂಥ ಸ್ಥಳೀಯ ದ್ವೀಪದ (ಅಲ್ಲಿನ ಜನ ವಾಸ ಮಾಡೋ ದ್ವೀಪ) ಗೆಸ್ಟ್‌ಹೌಸ್ ಅಂತ ಮಾಡಿದರೆ:

ಮುಂಬೈ-ಮಾಲೆ ವಿಮಾನ ಇಬ್ಬರಿಗೆ ಸುಮಾರು 50,000
ವಿಲ್ಲಾ ಎರಡು ರಾತ್ರಿ 85,000
ರೆಸಾರ್ಟಿನ ಸ್ಪೀಡ್‌ಬೋಟ್, ಹೋಗಿಬರಲು ತಲೆಗೆ 150 ಡಾಲರ್ ಹಿಡಿದು 27,000
ಗೆಸ್ಟ್‌ಹೌಸ್ ಮೂರು ರಾತ್ರಿ, ತೆರಿಗೆ ಸೇರಿ 28,000

ಆಗಲೇ 1,90,000. ಇದರಲ್ಲಿ ಒಂದು ಹೊತ್ತಿನ ಊಟವೂ ಸೇರಿಲ್ಲ, ಪುಣೆ-ಮುಂಬೈ ಕ್ಯಾಬ್ ಸೇರಿಲ್ಲ. ರೆಸಾರ್ಟಲ್ಲಿ ಒಂದು ಪಾಸ್ತಾಗೆ ಅವರು ಹಾಕೋ ಬಿಲ್ಲಿನಲ್ಲಿ ವಾಕಡ್‌ನಲ್ಲಿ ಹತ್ತು ಜನ ಥಾಲಿ ಉಣ್ಣಬಹುದು. ಹೊರಗೆ ಹೋಗಿ ತಿನ್ನೋಣ ಅಂದರೆ ಇಡೀ ದ್ವೀಪವೇ ಒಂದು ರೆಸಾರ್ಟ್, ಹೊರಗೆ ಅನ್ನೋದೇ ಇಲ್ಲ.

ಜನ ಎಡವೋದು ದೋಣಿ ಖರ್ಚಿನಲ್ಲಿ. ಅದು ರಾತ್ರಿಯ ಲೆಕ್ಕದಲ್ಲಿ ಬರಲ್ಲ, ಒಂದು ಸಲ ಹೋಗಿಬರೋ ಲೆಕ್ಕ. ಒಂದು ರಾತ್ರಿ ಇದ್ದರೂ ಅಷ್ಟೇ, ಐದು ರಾತ್ರಿ ಇದ್ದರೂ ಅಷ್ಟೇ. ದೂರದ ದ್ವೀಪದಲ್ಲಿ 250 ಡಾಲರಿನ ವಿಲ್ಲಾ ಕಂಡು ಖುಷಿಪಟ್ಟು ಬುಕ್ ಮಾಡಿದವರಿಗೆ ಆಮೇಲೆ ಗೊತ್ತಾಗುತ್ತೆ, ಅಲ್ಲಿಗೆ ಸೀಪ್ಲೇನೇ ಗತಿ, ತಲೆಗೆ 400ರಿಂದ 600 ಡಾಲರ್ ಅಂತ. ಅದೂ ಹಗಲು ಮಾತ್ರ ಹಾರುತ್ತೆ. ನಿಮ್ಮ ವಿಮಾನ ಸಂಜೆ ಇಳಿದರೆ ಆ ರಾತ್ರಿ ಏರ್‌ಪೋರ್ಟ್ ಹತ್ತಿರದ ಹುಲ್ಹುಮಾಲೆಯಲ್ಲಿ ಬೇರೆ ರೂಮು.

ಇಷ್ಟಾದ ಮೇಲೂ ವಿಲ್ಲಾ ಆಸೆ ಬಿಡದಿದ್ದರೆ, ಮಾಫುಶಿಯಲ್ಲೇ ಉಳಿದು ಒಂದು ದಿನ ಪಕ್ಕದ ರೆಸಾರ್ಟಿನ ಡೇ ಪಾಸ್ ತೊಗೊಳ್ಳಿ. ಸ್ಥಳೀಯ ದ್ವೀಪಗಳಲ್ಲಿ ಮದ್ಯ ನಿಷೇಧ, ಈಜುಡುಗೆ ‘ಬಿಕಿನಿ ಬೀಚ್’ ಅಂತ ಬೋರ್ಡ್ ಇರೋ ಕಡೆ ಮಾತ್ರ. ಮುಂಬೈ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನು ಮಾಲೆಯಲ್ಲಿ ತೆಗೆದಿಟ್ಟುಕೊಳ್ತಾರೆ. ವೇಪ್ (ಇ-ಸಿಗರೇಟ್) ಕೂಡ ನಿಷೇಧ. ಸಸ್ಯಾಹಾರಿಗೆ ಇನ್ನೊಂದು ತಾಪತ್ರಯ: ಅಲ್ಲಿನ ಬೆಳಗಿನ ತಿಂಡಿ ಮಸ್ ಹುನಿಯಲ್ಲಿ ತೆಂಗಿನತುರಿ ಕಾಣುತ್ತೆ, ಅದರೊಳಗೆ ಇರೋದು ಟ್ಯೂನಾ ಮೀನು.

ಈಗ ಬಾಲಿ. ಆಗಮನ ವೀಸಾ ತಲೆಗೆ 5 ಲಕ್ಷ ಇಂಡೋನೇಷ್ಯಾ ರುಪಿಯಾ, ನಮ್ಮ 2,700ರ ಹತ್ತಿರ. ಆನ್‌ಲೈನಲ್ಲಿ ಮೊದಲೇ ತೊಗೊಂಡರೆ ಕ್ಯೂ ಉಳಿಯುತ್ತೆ. 2024ರ ಫೆಬ್ರವರಿಯಿಂದ ಬಾಲಿ ಪ್ರವಾಸಿ ಶುಲ್ಕ ಅಂತ ಇನ್ನೊಂದು ಒಂದೂವರೆ ಲಕ್ಷ ರುಪಿಯಾ. ಸೊನ್ನೆಗಳು ನೋಡಿ ಗಾಬರಿಯಾಗಬೇಡಿ, ಅದು ಸುಮಾರು 800 ರೂಪಾಯಿ.

ಬಾಲಿಗೆ ಹೋದವರ ಸಾಮಾನ್ಯ ಗೊಣಗಾಟ ‘ಫೋಟೋದಲ್ಲಿ ಕಂಡ ನೀಲಿ ನೀರು ಸಿಗಲಿಲ್ಲ’ ಅಂತ. ನಿಜ, ಬಾಲಿಯ ಬೀಚುಗಳು ಮಾಲ್ಡೀವ್ಸ್ ಥರ ಅಲ್ಲ. ಕುಟಾ, ಸೆಮಿನ್ಯಾಕ್ ಕಡೆ ಅಲೆ ಜೋರು, ಸರ್ಫಿಂಗಿಗೆ ಹೇಳಿ ಮಾಡಿಸಿದ್ದು. ನಿಮಗೆ ಬೇಕಾದ ನೀಲಿ ಸಿಗೋದು ಪಕ್ಕದ ಲೊಂಬೋಕ್‌ನ ಗಿಲಿ ದ್ವೀಪಗಳಲ್ಲಿ. ಹಾಗಾಗಿ ಆರೂ ರಾತ್ರಿ ಒಂದೇ ಹೋಟೆಲಲ್ಲಿ ಕಳೀಬೇಡಿ. ಮೊದಲ ಮೂರು ರಾತ್ರಿ ಬಾಲಿಯ ಒಳನಾಡಿನ ಉಬುದ್. ಪ್ರೈವೇಟ್ ಪೂಲ್ ಇರೋ ವಿಲ್ಲಾ ಅಲ್ಲಿ 7ರಿಂದ 9 ಸಾವಿರಕ್ಕೆ ಸಿಗುತ್ತೆ. ಅಲ್ಲಿಂದ ಪಡಾಂಗ್ ಬಾಯ್ ಬಂದರು, ಫಾಸ್ಟ್ ಬೋಟ್ ಹಿಡಿದು ಒಂದೂವರೆ-ಎರಡು ತಾಸಿನಲ್ಲಿ ಗಿಲಿ ಏರ್. ಪೆಟ್ರೋಲ್ ಗಾಡಿಗಳಿಲ್ಲದ ದ್ವೀಪ, ಸೈಕಲ್ ಮತ್ತು ಕುದುರೆ ಗಾಡಿ ಅಷ್ಟೇ. ದಡದಿಂದಲೇ ಸ್ನಾರ್ಕೆಲ್ ಮಾಸ್ಕ್ ಹಾಕ್ಕೊಂಡು ನೀರಿಗೆ ಇಳಿದರೆ ಆಮೆ ಕಾಣೋ ಸಾಧ್ಯತೆ ಚೆನ್ನಾಗಿದೆ. ಅಲ್ಲಿ ಎರಡು ರಾತ್ರಿ. ಕೊನೆಯ ರಾತ್ರಿ ಕಡ್ಡಾಯವಾಗಿ ಬಾಲಿಗೆ ವಾಪಸ್ ಬಂದು ಸನೂರ್ ಅಥವಾ ಜಿಂಬರಾನ್‌ನಲ್ಲಿ ಮಲಗಿ. ಗಿಲಿಯಿಂದ ಬೆಳಿಗ್ಗೆ ಬೋಟ್, ಅದೇ ಸಂಜೆ ವಿಮಾನ ಅಂತ ಇಟ್ಕೊಂಡರೆ, ಅಲೆ ಎದ್ದು ಬೋಟ್ ನಿಂತ ದಿನ ವಿಮಾನವೂ ತಪ್ಪುತ್ತೆ.

ಖರ್ಚು ಹೀಗೆ ಬರುತ್ತೆ: ವಿಮಾನ ಇಬ್ಬರಿಗೆ 70,000, ವೀಸಾ ಮತ್ತು ಶುಲ್ಕ 7,000, ಆರು ರಾತ್ರಿಯ ವಾಸ 39,000, ಬೋಟ್ 10,000, ಡ್ರೈವರ್ ಸಮೇತ ಕಾರು ಮೂರು ದಿನ 10,500, ಊಟ-ತಿಂಡಿ 20,000, ಪುಣೆ-ಮುಂಬೈ ಕ್ಯಾಬ್ ಎರಡೂ ಕಡೆ 8,000, ವಿಮೆ ಮತ್ತು ಸಿಮ್ 4,000, ಪ್ರವೇಶ ಟಿಕೆಟ್‌ಗಳಿಗೆ 6,000. ಒಟ್ಟು 1,74,500. ಉಳಿದ 25,000 ಶಾಪಿಂಗಿಗಲ್ಲ, ವಿಮಾನದ ದರ ಏರಿದರೆ ಅಂತ. ಮೇ ನಮ್ಮ ಶಾಲೆಗಳಿಗೂ ರಜೆ, ಫೆಬ್ರವರಿ ಮುಗಿಯೋದರೊಳಗೆ ಟಿಕೆಟ್ ತೆಗೆಸಿ.

ಉಬುದ್ ವಿಲ್ಲಾ ಆರಿಸುವಾಗ ಎರಡು ವಿಷಯ. ‘ಪೂಲ್’ ಮತ್ತು ‘ಪ್ಲಂಜ್ ಪೂಲ್’ ಬೇರೆ ಬೇರೆ. ಎರಡನೆಯದು ಇಬ್ಬರು ಕೂತರೆ ತುಂಬಿಹೋಗೋ ತೊಟ್ಟಿ. ರಿವ್ಯೂಗಳನ್ನು ಹೊಸದು ಮೊದಲು ಬರೋ ಹಾಗೆ ಇಟ್ಟು, ‘ಕನ್‌ಸ್ಟ್ರಕ್ಷನ್’ ಅಂತ ಹುಡುಕಿ. ಭತ್ತದ ಗದ್ದೆ ಕಾಣುತ್ತೆ ಅಂತ ಹಾಕಿದ ಫೋಟೋ ಹಳೆಯದಿರುತ್ತೆ, ಈಗ ಆ ಗದ್ದೆಯಲ್ಲೇ ಇನ್ನೊಂದು ವಿಲ್ಲಾದ ಕಾಂಕ್ರೀಟ್ ಮಿಕ್ಸರ್ ಬೆಳಿಗ್ಗೆ ಏಳಕ್ಕೆ ಗರಗರ ಅಂತಿರಬಹುದು. ಈಜುಕೊಳದಲ್ಲಿ ತೇಲೋ ತಿಂಡಿ ತಟ್ಟೆಗೆ ಬೇರೆ ಚಾರ್ಜ್. ಮೆನುವಿನಲ್ಲಿ ದರದ ಮುಂದೆ ಎರಡು ಪ್ಲಸ್ ಗುರುತು ಇದ್ದರೆ ತೆರಿಗೆ, ಸರ್ವಿಸ್ ಸೇರಿ 15ರಿಂದ 21 ಪ್ರತಿಶತ ಹೆಚ್ಚು ಬರುತ್ತೆ ಅಂತ ಅರ್ಥ.

ಸಸ್ಯಾಹಾರಿಗೆ ಉಬುದ್‌ನಷ್ಟು ಸಲೀಸಾದ ಜಾಗ ಆ ಕಡೆ ಕಡಿಮೆ. ಆದರೂ ಸಣ್ಣ ವಾರುಂಗ್‌ಗಳಲ್ಲಿ (ಅಲ್ಲಿನ ಖಾನಾವಳಿ) ಬರೀ ‘ವೆಜಿಟೇರಿಯನ್’ ಅಂದರೆ ಸಾಲದು. ಸಂಬಾಲ್ ಚಟ್ನಿಯಲ್ಲಿ, ಎಷ್ಟೋ ಸಲ ಗಾಡೋ-ಗಾಡೋದ ಶೇಂಗಾ ಸಾಸ್‌ನಲ್ಲೂ, ತೆರಾಸಿ ಅನ್ನೋ ಸೀಗಡಿ ಪೇಸ್ಟ್ ಇರುತ್ತೆ. ‘ತನ್ಪಾ ತೆರಾಸಿ’, ಅಂದರೆ ತೆರಾಸಿ ಬೇಡ ಅಂತ ಹೇಳಿ. ಸ್ಕೂಟರ್ ಬಾಡಿಗೆ ಆಸೆ ಬಿಡಿ. ಅಂತಾರಾಷ್ಟ್ರೀಯ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯವರು ಕೈ ಎತ್ತಿಬಿಡ್ತಾರೆ. ಪಕ್ಕದ ದ್ವೀಪ ನುಸಾ ಪೆನಿಡಾಗೆ ಒಂದು ದಿನದ ಪ್ರವಾಸವನ್ನು ಎಲ್ಲರೂ ಹೇಳ್ತಾರೆ, ನಾನು ಹೇಳಲ್ಲ. ಹದಗೆಟ್ಟ ರಸ್ತೆಯಲ್ಲಿ ಇಡೀ ದಿನ ಕುಲುಕಾಡಿ, ಕೆಲಿಂಗ್‌ಕಿಂಗ್ ಬಂಡೆಯ ಮೇಲೆ ಫೋಟೋಗೆ ಸರದಿ ನಿಂತು ಬರೋದು ಹನಿಮೂನ್ ಅಲ್ಲ.

ಮಾರಿಷಸ್ ಇವೆಲ್ಲಕ್ಕಿಂತ ಚೆನ್ನ ಅಂತ ನನ್ನ ಅಭಿಪ್ರಾಯ, ನಿಮ್ಮ ಬಜೆಟ್ಟಿಗೆ ಸಿಗಲ್ಲ. ಎರಡೂವರೆ-ಮೂರು ಲಕ್ಷ ಇಟ್ಕೊಂಡವರು ನೋಡಬಹುದು: ನಮಗೆ ವೀಸಾ ಬೇಡ, ಮುಂಬೈಯಿಂದ ನೇರ ವಿಮಾನ, ಬೀದಿಯಲ್ಲೇ ಬೇಳೆ ತುಂಬಿದ ಧೋಲ್ ಪುರಿ, ನಮ್ಮ ಹೋಳಿಗೆಯಿಂದ ಬೆಲ್ಲ ತೆಗೆದ ಹಾಗೆ. ಮೇಯಿಂದ ಆಚೆ ಪೂರ್ವ ಕರಾವಳಿಯಲ್ಲಿ ಗಾಳಿ ಜಾಸ್ತಿ, ಪಶ್ಚಿಮದ ಫ್ಲಿಕ್ ಎನ್ ಫ್ಲಾಕ್ ಅಥವಾ ಉತ್ತರದ ಟ್ರೂ ಒ ಬಿಶ್ ಕಡೆ ಇರಿ. ಒಂದೂಕಾಲು ಲಕ್ಷವೇ ಗತಿ ಅನ್ನೋರಿಗೆ ಮೇನಲ್ಲಿ ಶ್ರೀಲಂಕಾದ ಪೂರ್ವ ಕರಾವಳಿ, ಟ್ರಿಂಕೋಮಲಿ ಅಥವಾ ಪಾಸಿಕುಡಾ. ಕೊಲಂಬೊದಿಂದ ದೂರ, ಮಧ್ಯೆ ಸಿಗಿರಿಯಾದಲ್ಲಿ ಒಂದು ರಾತ್ರಿ ತಂಗಿ. ಏಜೆಂಟ್ ಬೆಂಟೋಟಾ ಅಂದರೆ ಬೇಡ ಅನ್ನಿ, ಆಗ ಅಲ್ಲಿ ಕೆಂಪು ಬಾವುಟ.

ಏಜೆಂಟ್ ಹತ್ತಿರ ಹೋದರೆ ಕೇಳಬೇಕಾದ್ದು: ಹೇಳಿದ ದರ ತಲೆಗೋ ಜೋಡಿಗೋ, ವಿಮಾನ ಸೇರಿದೆಯೋ, ಓಡಾಟ ‘ಪ್ರೈವೇಟ್’ ಅಥವಾ ‘ಎಸ್‌ಐಸಿ’? ಎಸ್‌ಐಸಿ ಅಂದರೆ ಬಸ್ಸಿನಲ್ಲಿ ಒಂದು ಸೀಟು, ಬೇರೆ ಇಪ್ಪತ್ತು ಜನರ ಜೊತೆ. ಹನಿಮೂನ್ ಕೇಕ್, ಹೂವಿನ ಹಾಸಿಗೆ ಇವನ್ನು ಹೋಟೆಲಿಗೇ ನೇರವಾಗಿ ಮೇಲ್ ಮಾಡಿ ಕೇಳಿ. ಮದುವೆ ಪ್ರಮಾಣಪತ್ರ ತೋರಿಸಿದರೆ ಎಷ್ಟೋ ಕಡೆ ಪುಕ್ಕಟೆ ಮಾಡ್ತಾರೆ, ಏಜೆಂಟ್ ಅದಕ್ಕೇ ದುಡ್ಡು ಹಾಕಿರ್ತಾನೆ.

ಪಾಸ್‌ಪೋರ್ಟ್ ಇಬ್ಬರದೂ ಹೊರಡೋ ದಿನದಿಂದ ಕನಿಷ್ಠ ಆರು ತಿಂಗಳು ಚಾಲ್ತಿ ಇರಬೇಕು. ಮದುವೆ ಮುಂಚೆ ಹುಡುಗಿಯ ಹೆಸರು ಬದಲಿಸೋ ಗೋಜಿಗೆ ಹೋಗಬೇಡಿ. ಟಿಕೆಟ್, ವೀಸಾ ಎಲ್ಲಾ ತವರಿನ ಹೆಸರಿನಲ್ಲೇ ಇರಲಿ. ಹೊಸದಾಗಿ ಮಾಡಿಸಬೇಕಿದ್ದರೆ ಮುಂಡವಾದ ಪಾಸ್‌ಪೋರ್ಟ್ ಕೇಂದ್ರದಲ್ಲಿ ಸ್ಲಾಟ್ ಈಗಲೇ ನೋಡಿ. ಮಾಮೂಲಿ ಫೀ 1,500, ತತ್ಕಾಲ್‌ಗೆ 3,500. ತಾರೀಖು ಗಟ್ಟಿ ಮಾಡೋ ಮುಂಚೆ ಮುಟ್ಟಿನ ದಿನ ಯಾವಾಗ ಅಂತ ಹುಡುಗಿಯನ್ನೇ ಕೇಳಿ, ನಾಚಿಕೆ ಪಡೋ ವಿಷಯವಲ್ಲ. ಮದುವೆ ಮತ್ತು ವಿಮಾನದ ನಡುವೆ ಮೂರು ದಿನವಾದರೂ ಬಿಡಿ, ಸತ್ಯನಾರಾಯಣ ಪೂಜೆ, ಬೀಗರ ಊಟ ಮುಗಿಯಲಿ. ವಾಕಡ್‌ನಿಂದ ಮುಂಬೈ ಏರ್‌ಪೋರ್ಟಿನ ಟರ್ಮಿನಲ್ 2ಕ್ಕೆ ವಿಮಾನದ ಎಂಟು ತಾಸು ಮುಂಚೆ ಹೊರಡಿ. ಶನಿವಾರ ಬೆಳಿಗ್ಗೆ ಅಥವಾ ಭಾನುವಾರ ಸಂಜೆ ಖಂಡಾಲಾ ಘಾಟ್ ಜಾಮ್ ಆದರೆ ಎರಡು ತಾಸು ಅಲ್ಲೇ ಹೋಗುತ್ತೆ.

ಕೊನೆಗೆ ದುಡ್ಡು ಕಟ್ಟೋ ಬಗ್ಗೆ. ವಿದೇಶಿ ಪ್ಯಾಕೇಜ್ ಕೊಂಡರೆ ಏಜೆಂಟ್ ಟಿಸಿಎಸ್ (ಮಾರುವಾಗಲೇ ವಸೂಲು ಮಾಡೋ ಆದಾಯ ತೆರಿಗೆ) ಹಿಡೀತಾನೆ. ಅದರ ದರ ಕೇಂದ್ರ ಬಜೆಟ್‌ಗಳಲ್ಲಿ ಬದಲಾಗ್ತಾ ಬಂದಿದೆ, ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಸಿಕೊಳ್ಳಿ. ಅದು ಯಾರ ಪ್ಯಾನ್ ಮೇಲೆ ಬಿಲ್ ಆಗುತ್ತೋ ಅವರ ಖಾತೆಗೇ ಜಮಾ, ರಿಟರ್ನ್ ಹಾಕಿದಾಗ ಹೊಂದಿಸಿಕೊಳ್ಳಬಹುದು. ಮಾವನವರು ಉಡುಗೊರೆ ಅಂತ ಅವರ ಪ್ಯಾನ್ ಕೊಟ್ಟು ಬುಕ್ ಮಾಡಿಸಿ, ಅವರು ರಿಟರ್ನ್ ಹಾಕದವರಾಗಿದ್ದರೆ ಆ ದುಡ್ಡು ಅಲ್ಲೇ ಕೂರುತ್ತೆ. ನಿಮ್ಮ ಪ್ಯಾನ್ ಕೊಡಿ, ಅವರಿಂದ ನಗದು ಇಸ್ಕೊಳ್ಳಿ.