ಒಂದು ಒಳ್ಳೆ ಪೇಪರ್ ಹಿಡಿಯಿರಿ, ಅದರ ನೆಂಟರು ತಾವೇ ಸಿಗುತ್ತಾರೆ

ಪ್ರಶ್ನೆ: ಕೃಷಿ ಎಂ.ಎಸ್ಸಿ. ಓದುತ್ತಿದ್ದೇನೆ. ರಾಗಿಯ ಬೆಂಕಿ ರೋಗದ (ಇಂಗ್ಲಿಷಿನಲ್ಲಿ ಬ್ಲಾಸ್ಟ್) ಮೇಲೆ ಪ್ರಬಂಧ ಬರೆಯಬೇಕು. ಆನ್‌ಲೈನ್ ಜರ್ನಲ್‌ಗಳಲ್ಲಿ 'ರಾಗಿ ಬ್ಲಾಸ್ಟ್' ಅಂತ ಹಾಕಿದರೆ ಏನೇನೋ ಬರುತ್ತದೆ, ಬೇಕಾದದ್ದು ಬರುವುದಿಲ್ಲ. ಬಂದದ್ದಕ್ಕೂ ದುಡ್ಡು ಕೇಳುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ತೊಡಕು ಇರುವುದು ಹೆಸರಿನಲ್ಲೇ. ನಮಗೆ ಅದು ರಾಗಿ. ಜರ್ನಲ್‌ಗಳಲ್ಲಿ ಫಿಂಗರ್ ಮಿಲೆಟ್, ಸಸ್ಯಶಾಸ್ತ್ರದವರಿಗೆ ಎಲ್ಯುಸೈನ್ ಕೊರಕಾನ. ರೋಗ ತರುವ ಶಿಲೀಂಧ್ರದ್ದು ಇನ್ನೂ ಗೋಜಲು, ಯಾಕೆಂದರೆ ಹಳೆಯ ಸಂಶೋಧನಾ ಪೇಪರ್‌ಗಳಲ್ಲಿ ಪೈರಿಕ್ಯುಲೇರಿಯಾ ಗ್ರೀಸಿಯಾ ಅಂತ ಇರುತ್ತದೆ, ಆಮೇಲಿನವುಗಳಲ್ಲಿ ಮ್ಯಾಗ್ನಪೋರ್ತೆ ಗ್ರೀಸಿಯಾ, ಮ್ಯಾಗ್ನಪೋರ್ತೆ ಒರೈಜೆ, ಈಚೆಗೆ ಪೈರಿಕ್ಯುಲೇರಿಯಾ ಒರೈಜೆ ಅಂತಲೂ ಬರೆಯುತ್ತಾರೆ. ಒಂದೇ ಹೆಸರು ಹಿಡಿದು ಕೂತರೆ ಒಂದು ಕಾಲದ ಕೆಲಸವೇ ಕಣ್ಣಿಗೆ ಬೀಳುವುದಿಲ್ಲ. ಎಲ್ಲ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಒಂದೊಂದಾಗಿ ಹಾಕಿ ನೋಡಿ. ಎರಡು ಪದದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ, ಆಗ ಪದಗಳು ಬೇರೆ ಬೇರೆಯಾಗಿ ಚೆಲ್ಲಾಡುವುದಿಲ್ಲ.

ಇಷ್ಟಾದ ಮೇಲೆ ಪದಗಳನ್ನು ಬಿಟ್ಟುಬಿಡಿ. ನಿಜವಾದ ಹುಡುಕಾಟ ಶುರುವಾಗುವುದು ಒಂದು ಒಳ್ಳೆಯ ಪೇಪರ್‌ನಿಂದ. ನಿಮಗೆ ನಾನು ಹೇಳುವುದು ರಾಗಿಯ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬಗ್ಗೆ ಬಂದ ಪೇಪರ್. 2017ರಲ್ಲಿ ಬಿಎಂಸಿ ಜೀನೋಮಿಕ್ಸ್ ಅನ್ನುವ ಜರ್ನಲ್‌ನಲ್ಲಿ ಬಂತು, ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಮತ್ತು ಜೊತೆಯವರದ್ದು, ಎಂಎಲ್-365 ತಳಿಯ ಮೇಲೆ ಮಾಡಿದ ಕೆಲಸ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅದರ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ ನಿಮ್ಮನ್ನು ಹಿಂದಕ್ಕೆ, ಅದಕ್ಕೂ ಮೊದಲಿನ ಪೇಪರ್‌ಗಳಿಗೆ ಕರೆದೊಯ್ಯುತ್ತದೆ. ಮುಂದಕ್ಕೆ ಹೋಗಬೇಕು ಅಲ್ವಾ? ಸಂಶೋಧನಾ ಪೇಪರ್‌ಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಆ ಪೇಪರ್‌ನ ಕೆಳಗೆ 'ಸೈಟೆಡ್ ಬೈ' ಅಂತ ಇದೆ, ಅದನ್ನು ಒತ್ತಿ. ಆ ಪೇಪರನ್ನು ನೆಚ್ಚಿಕೊಂಡು ಆಮೇಲೆ ಬರೆದವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಅಲ್ಲೇ ಮೇಲೆ ಒಂದು ಚೌಕಕ್ಕೆ ಗುರುತು ಹಾಕಿದರೆ ಆ ಗುಂಪಿನೊಳಗೆ ಮಾತ್ರ ಹುಡುಕಬಹುದು. 'ಬ್ಲಾಸ್ಟ್' ಅಂತ ಈಗ ಹಾಕಿ. ಅದೇ ಪದ, ಆದರೆ ಈಗ ಬರುವುದು ಹೆಚ್ಚಾಗಿ ನಿಮಗೆ ಬೇಕಾದದ್ದೇ.

ಈ ಉಪಾಯ ಹೊಸದೇನಲ್ಲ. ಅಮೆರಿಕದ ಯೂಜಿನ್ ಗಾರ್ಫೀಲ್ಡ್ 1964ರಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಅಂತ ದಪ್ಪ ದಪ್ಪ ಸಂಪುಟಗಳಲ್ಲಿ ಇದನ್ನೇ ಅಚ್ಚು ಹಾಕಿಸಿದ್ದರು. ಅವತ್ತು ಲೈಬ್ರರಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇವತ್ತು ನಿಮ್ಮ ಮೊಬೈಲ್‌ನಲ್ಲಿದೆ, ಸುಮ್ನೆ ಬಿಡಬೇಡಿ. ಕಣ್ಣಿಗೆ ಕಾಣುವ ನಕ್ಷೆಯೇ ಬೇಕಿದ್ದರೆ ಕನೆಕ್ಟೆಡ್ ಪೇಪರ್ಸ್ ಅನ್ನುವ ವೆಬ್‌ಸೈಟ್ ನೋಡಿ. ಒಂದು ಪೇಪರ್ ಕೊಟ್ಟರೆ ಅದಕ್ಕೆ ಹತ್ತಿರದವನ್ನು ಗುಳ್ಳೆಗಳಾಗಿ ಹರಡಿ ತೋರಿಸುತ್ತದೆ.

ದುಡ್ಡಿನ ವಿಷಯ. ಕೈಯಿಂದ ಕಟ್ಟಬೇಡಿ. ಅನ್‌ಪೇವಾಲ್ ಅನ್ನುವ ಪುಟ್ಟ ಸಾಧನವನ್ನು ಬ್ರೌಸರ್‌ಗೆ ಸೇರಿಸಿಕೊಳ್ಳಿ, ಕಾನೂನುಬದ್ಧ ಉಚಿತ ಪ್ರತಿ ಇದ್ದರೆ ಅದು ಹೇಳುತ್ತದೆ. ನಿಮ್ಮದು ಸರ್ಕಾರಿ ವಿಶ್ವವಿದ್ಯಾಲಯವಾದರೆ ಲೈಬ್ರರಿಗೆ ಹೋಗಿ ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯ ಲಾಗಿನ್ ಕೇಳಿ. 2025ರ ಜನವರಿಯಿಂದ 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಅದರಡಿ ಸಿಗುತ್ತಿವೆ. ಹಳೆಯ ಪ್ರಬಂಧಗಳಿಗೆ ಕೃಷಿಕೋಶ ನೋಡಿ, ಅದು ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಕೂಡಿಟ್ಟ ಆನ್‌ಲೈನ್ ಭಂಡಾರ. ನಮ್ಮ ಹೊಲಗಳಲ್ಲಿ ನಡೆದ ಎಷ್ಟೋ ಪ್ರಯೋಗಗಳು ಜರ್ನಲ್ ಮುಟ್ಟದೆ ಅಲ್ಲೇ ಉಳಿದಿವೆ.

ಇನ್ನೊಂದು ಮಾತು. ಆ 'ಸೈಟೆಡ್ ಬೈ' ಪುಟದಲ್ಲೇ ಅಲರ್ಟ್ ಹಾಕಿಡಿ. ನೀವು ಪ್ರಬಂಧ ಬರೆಯುತ್ತಿರುವಾಗಲೇ ಯಾರಾದರೂ ಹೊಸದು ಬರೆದರೆ ಇಮೇಲ್ ಬರುತ್ತದೆ.